ಕಗ್ಗದ ಗದ್ದೆ, ಐದೂವರೆಯ ಬಸ್ಸು

ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಕಾಲೇಜಿನ ಕಾರ್ಯಕ್ರಮ ಒಪ್ಪಿಕೊಂಡರೆ ಹಿಂದಿನ ರಾತ್ರಿಯವರೆಗೂ ಖಾತ್ರಿ ಇರುವುದಿಲ್ಲ. ಮಳೆ ಜೋರು ಅಂತ ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಮುಗಿಯಿತು. ಆ ಸಲ ರಜೆ ಸಿಗಲಿಲ್ಲ. ಬೆಳಿಗ್ಗೆ ಕಾರವಾರದಲ್ಲಿ ಬಸ್ಸು ಹತ್ತಿ, ಅಂಕೋಲೆ ದಾಟಿ, ಅಘನಾಶಿನಿಯ ದಂಡೆಯ ಕಡೆಗೆ ಹೊರಟೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ, ಆ ಜಾಗ ಬಂದಾಗ ಬಸ್ಸಿನೊಳಗೆ ಎಂಥ ಮಾತುಗಾರರಿದ್ದರೂ ಒಮ್ಮೆ ಸುಮ್ಮನಾಗಿ ಕಿಟಕಿಯಿಂದ ಮೇಲೆ ನೋಡುತ್ತಾರೆ. ನಾನೂ ನೋಡಿದೆ.

ಕಾಲೇಜಿನ ಬೋರ್ಡಿನ ಮೇಲೆ ದೊಡ್ಡದಾಗಿ ‘ಭಾಷಣ ಕಲೆ ಮತ್ತು ಸಂವಹನ ಕೌಶಲ’ ಎಂದು ಬರೆದಿದ್ದರು. ಕೆಲವು ವರ್ಷ ರೇಡಿಯೊದಲ್ಲಿ ಅರೆಕಾಲಿಕ ಉದ್ಘೋಷಕಿಯಾಗಿದ್ದೆ ಅನ್ನುವುದೇ ನನ್ನ ಅರ್ಹತೆ. ಕರೆದವರು ಅಲ್ಲಿಯ ಕನ್ನಡ ಉಪನ್ಯಾಸಕರು. ಕೊನೆಯ ವರ್ಷದ ಬಿ.ಎ., ಬಿ.ಕಾಂ. ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಹುಡುಗಿಯರು. ಮನೆಯಲ್ಲಿ ಕೊಂಕಣಿ ಆಡುವವರು, ಹವ್ಯಕರು, ಹಾಲಕ್ಕಿಗಳು, ನವಾಯತಿ ಆಡುವ ಒಬ್ಬಿಬ್ಬರು. ಒಬ್ಬೊಬ್ಬರ ಮನೆ ಮಾತು ಒಂದೊಂದು ಥರ. ಆದರೆ ಮೈಕಿನ ಮುಂದೆ ಬಂದ ಕೂಡಲೇ ಎಲ್ಲರದ್ದೂ ಒಂದೇ ಮಾತು. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ...’ ವೇದಿಕೆಯ ಮೇಲೆ ನಾನೊಬ್ಬಳೇ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮೈಕಿಲ್ಲದೆ ಏನೂ ಕೇಳುತ್ತಿರಲಿಲ್ಲ. ಹಾಗಾಗಿ ಮೈಕಿನಿಂದಲೇ ಶುರು ಮಾಡಿದೆ. ಕೈಮೈಕನ್ನು ಐಸ್‌ಕ್ಯಾಂಡಿ ಥರ ಬಾಯಿಗೆ ಒತ್ತಿಕೊಳ್ಳಬೇಡಿ, ನಾಲ್ಕು ಬೆರಳು ದೂರ ಇರಲಿ. ‘ಪ’, ‘ಫ’, ‘ಭ’ ಹೇಳುವಾಗ ಬಾಯಿಂದ ಗಾಳಿ ಬರುತ್ತದೆ, ಅದು ನೇರ ಬಡಿದರೆ ಸ್ಪೀಕರಿನಲ್ಲಿ ಢಬ್ ಅನ್ನುತ್ತದೆ. ಅದಕ್ಕೇ ಸ್ವಲ್ಪ ಓರೆಯಾಗಿ ಹಿಡಿಯಿರಿ. ಊದಬೇಡಿ, ತಟ್ಟಬೇಡಿ, ‘ಹಲೋ ಹಲೋ’ ಬೇಡ. ಕೈ ನಡುಗುತ್ತದೆ ಅನ್ನುವವರು ತೆಳು ಹಾಳೆ ಹಿಡಿಯಬೇಡಿ, ಕೈಗಿಂತ ಹಾಳೆ ಜಾಸ್ತಿ ನಡುಗಿ ಎಲ್ಲರಿಗೂ ಹೇಳಿಬಿಡುತ್ತದೆ. ಲಗ್ನಪತ್ರಿಕೆಯ ದಪ್ಪ ಕಾಗದದ ಹಿಂಬದಿ ಒಳ್ಳೆಯದು. ಇಂಥದ್ದನ್ನು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ‘ಆತ್ಮವಿಶ್ವಾಸ ಬೆಳೆಸಿಕೊಳ್ಳಿ’ ಅಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಬರೆದುಕೊಂಡು ಮಾಡುವುದಾದರೂ ಏನು, ಅಲ್ವಾ?

ಮೊದಲು ಬಂದವನು ಗಟ್ಟಿ ಆಳು, ವಾಲಿಬಾಲ್ ಆಡುವ ಹುಡುಗ. ವಿಷಯ ‘ಪರಿಸರ ಸಂರಕ್ಷಣೆಯಲ್ಲಿ ಯುವಜನರ ಪಾತ್ರ’. ಎರಡು ವಾಕ್ಯ ಸರಾಗವಾಗಿ ಬಂತು. ಮೂರನೆಯದರ ನಡುವೆ ನಿಂತ. ಮತ್ತೆ ಮೊದಲಿನಿಂದ ಹೊರಟ, ಮತ್ತೆ ಅಲ್ಲೇ ನಿಂತ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ಅವನು ಹೆದರಿ ಮರೆತನೋ, ಮರೆತು ಹೆದರಿದನೋ? ನನ್ನ ಪ್ರಕಾರ ಎರಡನೆಯದು. ಉರು ಹೊಡೆದ ಭಾಷಣದಲ್ಲಿ ಒಂದು ಶಬ್ದ ಜಾರಿದರೆ ಮುಂದಿನದಕ್ಕೆ ದಾರಿಯೇ ಇರುವುದಿಲ್ಲ. ಅದನ್ನು ಧೈರ್ಯದ ಕೊರತೆ ಅಂತ ಕರೆದು ಮಕ್ಕಳಿಗೆ ಧೈರ್ಯ ಹೇಳುತ್ತೇವೆ.

‘ನಿನ್ನ ಮನೆ ಎಲ್ಲಿ?’ ಅಂತ ಕೇಳಿದೆ. ಹೊಳೆ ಬದಿಯ ಊರು ಹೇಳಿದ. ‘ಗಜನಿ ಇದೆಯಾ?’

‘ಉಂಟು ಮೇಡಂ. ಅಜ್ಜ ಕಗ್ಗ ಬೆಳೀತಿದ್ರು.’

‘ಅದನ್ನೇ ಹೇಳು.’

ಈ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಅಘನಾಶಿನಿ ಕಡಲು ಸೇರುವ ಜಾಗದಲ್ಲಿ ಭರತದ ಉಪ್ಪುನೀರು ಒಳಗೆ ಬರುವ ತಗ್ಗು ಗದ್ದೆಗಳಿವೆ. ಅವೇ ಗಜನಿ. ಅಲ್ಲಿ ಬೇರೆ ಭತ್ತ ಬದುಕುವುದಿಲ್ಲ. ಕಗ್ಗ ಅನ್ನುವ ಭತ್ತದ ತಳಿ ಬದುಕುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಏಳುತ್ತದೆ.

ಹುಡುಗ ಹೇಳತೊಡಗಿದ. ಮಳೆನೀರು ಗದ್ದೆಯ ಉಪ್ಪು ತೊಳೆಯಬೇಕು, ಆಮೇಲೇ ಬಿತ್ತನೆ. ಗೊಬ್ಬರ ಹಾಕುವುದಿಲ್ಲ. ಕೊಯ್ಲಾದ ಮೇಲೆ ಕಟ್ಟಿನ ಬಾಗಿಲು ತೆಗೆದು ಉಪ್ಪುನೀರು ಬಿಡುತ್ತಾರೆ, ನೀರಿನ ಜೊತೆ ಸಿಗಡಿ, ಮೀನು ಬರುತ್ತವೆ, ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತದೆ. ಒಂದೇ ಜಾಗ, ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಮೀನಿನ ಕೆರೆ. ಹೇಳುವಾಗ ಅವನ ಎಡಗೈ ಕಟ್ಟಿನ ಎತ್ತರ ತೋರಿಸುತ್ತಿತ್ತು. ನಡುಕ ಇರಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಚಂದದ ಕತೆ ಆಗುತ್ತಿತ್ತು. ಅವನು ನಿಲ್ಲಿಸಲಿಲ್ಲ. ಕಗ್ಗದಿಂದ ಅಜ್ಜನ ದಾಯಾದಿ ಜಗಳಕ್ಕೆ ಹೋದ, ಅಲ್ಲಿಂದ ಸಿಗಡಿ ರೇಟಿಗೆ, ಅಲ್ಲಿಂದ ಯಾರದ್ದೋ ದೋಣಿಗೆ. ಹುಡುಗಿಯರು ಮೊಬೈಲ್ ನೋಡತೊಡಗಿದರು. ‘ಗೊತ್ತಿರುವುದನ್ನು ಹೇಳಿ, ತಾನಾಗೇ ಮಾತು ಬರುತ್ತದೆ’ ಅಂತ ತರಬೇತಿ ಕೊಡುವವರೆಲ್ಲ ಹೇಳುತ್ತಾರೆ. ಮಾತು ಬರುತ್ತದೆ, ನಿಜ. ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಅದಕ್ಕೇ ನಾನು ಮಾತಾಡುವವರಿಗಿಂತ ಕೇಳುವವರಿಗೆ ಕೆಲಸ ಹಚ್ಚುತ್ತೇನೆ. ಕೂತವರಲ್ಲಿ ಮೂವರನ್ನು ಆರಿಸಿದೆ. ಅರ್ಥವಾಗದ ಕಡೆ ಕೈ ಎತ್ತಿ ಕೇಳಬೇಕು, ನಗಬಾರದು, ಬುದ್ಧಿ ಹೇಳಬಾರದು. ‘ಯಾಕೆ?’, ‘ಯಾವಾಗ?’, ‘ನೀನು ನೋಡಿದ್ದಾ?’ ಇಷ್ಟೇ. ಅವನು ಮತ್ತೆ ಕಗ್ಗದಿಂದ ಶುರು ಮಾಡಿದ. ಬಿ.ಕಾಂ. ಹುಡುಗಿ ಒಬ್ಬಳು ತಕ್ಷಣ ಕೈ ಎತ್ತಿದಳು. ‘ಅಷ್ಟು ಚಲೋ ಬೆಳೆ ಆದ್ರೆ ಈಗ ಯಾಕೆ ಬಿಟ್ರು?’

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಕಟ್ಟು ಒಡೆದರೆ ಒಬ್ಬನ ಗದ್ದೆಗಲ್ಲ, ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ಎಲ್ಲರೂ ಸೇರಿ ಕಟ್ಟಬೇಕು. ಈಗ ಸೇರುವವರಿಲ್ಲ. ಸಿಗಡಿಯಲ್ಲಿ ದುಡ್ಡು ಜಾಸ್ತಿ, ಭತ್ತ ಬಿಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸುವವರೂ ಇದ್ದಾರೆ. ದಾಯಾದಿ ಜಗಳ, ರೇಟು ಎರಡೂ ಈಗ ಮತ್ತೆ ಬಂದವು, ಆದರೆ ಅವುಗಳ ಜಾಗದಲ್ಲಿ ಬಂದವು. ಪ್ರಶ್ನೆ ಬಿದ್ದ ಮೇಲೆ ಅವನ ಮಾತಿಗೆ ತಲೆ, ಬಾಲ ಎರಡೂ ಸಿಕ್ಕವು. ಮೂರು ನಿಮಿಷದೊಳಗೆ ಮುಗಿಸಿದ.

ಇದು ನಾನು ಕಂಡುಹಿಡಿದ ಉಪಾಯ ಅಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದಾಗ ನಮ್ಮ ದೇವಸ್ಥಾನಗಳಲ್ಲಿ, ಮನೆ ಜಗಲಿಗಳಲ್ಲಿ ತಾಳಮದ್ದಳೆ ನಡೆಯುತ್ತದಲ್ಲ, ಅಲ್ಲಿಂದ ಎತ್ತಿಕೊಂಡದ್ದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾನೆ. ಪದ್ಯ ಮೊದಲೇ ಬರೆದದ್ದು, ಅರ್ಥ ಬರೆದದ್ದಲ್ಲ. ಎದುರು ಕೂತ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾನೆ ಅಂತ ಗೊತ್ತಿಲ್ಲ. ಕೃಷ್ಣ ಸಂಧಾನದಲ್ಲಿ ಪಾಂಡವರಿಗೆ ಐದು ಊರು ಸಿಗುವುದಿಲ್ಲ ಅಂತ ಕೂತವರಿಗೆಲ್ಲ ಗೊತ್ತು, ಆದರೂ ಕೌರವ ಎಂಥ ಮಾತಿನಲ್ಲಿ ಇಲ್ಲ ಅನ್ನುತ್ತಾನೆ ಅಂತ ಕೇಳಲು ಮಧ್ಯರಾತ್ರಿಯವರೆಗೆ ಕೂರುತ್ತಾರೆ. ಇಂಥ ಊರಿನ ಮಕ್ಕಳಿಗೆ ಮಾತು ಕಲಿಸಲು ಪರ್ಸನಾಲಿಟಿ ಡೆವಲಪ್‌ಮೆಂಟ್ ಅಂತ ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ಜನ ಕರೆಸುವುದು ನನಗೆ ತಮಾಷೆ ಅನಿಸುತ್ತದೆ. ಕರೆಸಲಿ, ಬೇಡ ಅನ್ನುವುದಿಲ್ಲ. ಆದರೆ ಪಕ್ಕದ ದೇವಸ್ಥಾನದ ಅರ್ಥಧಾರಿಯನ್ನೂ ಒಂದು ದಿನ ಕರೆಯಲಿ.

ಊಟದ ನಂತರ ಹಾಗೇ ಒಂದು ಆಟ ಇಟ್ಟೆ. ಎದುರುಬದುರು ಎರಡು ಕುರ್ಚಿ. ವಿಷಯ ನೀವೇ ಹೇಳಿ ಅಂದೆ. ಹತ್ತು ಬಾಯಿ ಒಟ್ಟಿಗೆ ಹೇಳಿದವು: ‘ಐದೂವರೆ ಬಸ್ಸು!’

ಸಂಜೆ ಐದೂವರೆಗೆ ಬರುವ ಬಸ್ಸು ಕಾಲೇಜಿನ ಸ್ಟಾಪಿನಲ್ಲಿ ನಿಲ್ಲುವುದಿಲ್ಲವಂತೆ. ನಿಂತರೂ ನೂರು ಮಾರು ಮುಂದೆ. ಒಂದು ಕುರ್ಚಿಯಲ್ಲಿ ವಿದ್ಯಾರ್ಥಿ, ಇನ್ನೊಂದರಲ್ಲಿ ಡಿಪೋ ಮ್ಯಾನೇಜರ್. ಮ್ಯಾನೇಜರ್ ಆಗಲು ಯಾರೂ ತಯಾರಿಲ್ಲ. ಕೊನೆಗೆ ಎದ್ದಳು ಅದೇ ಬಿ.ಕಾಂ. ಹುಡುಗಿ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಎದುರಿನ ಬಿ.ಎ. ಹುಡುಗನಿಗೆ ‘ಹೇಳ್ರಿ, ಎಂತ ಆಗ್ಬೇಕಿತ್ತು?’ ಅಂದಳು. ಹಾಲ್ ನಕ್ಕು ಬಿತ್ತು.

ಹುಡುಗ ಜೋರಾಗಿ ಹೊರಟ. ನಾವು ಪಾಸಿಗೆ ದುಡ್ಡು ಕಟ್ಟಿದ್ದೇವೆ, ನಿಲ್ಲಿಸುವುದು ನಿಮ್ಮ ಕರ್ತವ್ಯ, ಅನ್ಯಾಯ, ಹೋರಾಟ, ರಸ್ತೆ ತಡೆ. ಅವಳು ಎಲ್ಲ ಕೇಳಿ ಮುಗಿಸಿ ತಣ್ಣಗೆ ಹೇಳಿದಳು. ‘2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಲ್ಲಿ ಹೆಂಗಸ್ರು ಜಾಸ್ತಿ ಆಗಿದಾರೆ. ಬಸ್ಸು ಅಷ್ಟೇ ಇದೆ. ತುಂಬಿದ ಬಸ್ಸು ನಿಲ್ಲಿಸಿ ನಿಮ್ಮನ್ನ ಎಲ್ಲಿ ಹಾಕ್ಲಿ? ಮತ್ತೆ, ನಿಮ್ಮ ಸ್ಟಾಪಿನಲ್ಲಿ ದಿನಾ ಎಷ್ಟು ಜನ ಹತ್ತೋದು? ಲಿಸ್ಟ್ ಉಂಟಾ?’

ಲಿಸ್ಟ್ ಇರಲಿಲ್ಲ. ಹುಡುಗ ನನ್ನ ಮುಖ ನೋಡಿದ. ನಾನು ತಲೆ ಮೇಲಿನ ಮಾಡು ನೋಡಿದೆ.

ಆಮೇಲೆ ನಡೆದದ್ದೇ ನನಗೆ ಆ ದಿನದ ಲಾಭ. ಕೂತಿದ್ದವರೆಲ್ಲ ಹುಡುಗನ ಕಡೆಗಾದರು. ಯಾವ ಊರಿನವರು ಎಷ್ಟು ಮಂದಿ, ಯಾರಿಗೆ ಆ ಬಸ್ಸು ತಪ್ಪಿದರೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ, ಯಾವ ವಾರ ಬಸ್ಸು ಖಾಲಿಯೇ ಇದ್ದರೂ ನಿಲ್ಲಲಿಲ್ಲ, ಹೀಗೆ ಒಬ್ಬೊಬ್ಬರೂ ಎದ್ದು ಹೇಳಿದರು. ಬೆಳಿಗ್ಗೆ ಹೆಸರು ಹೇಳಲು ಗೋಡೆಗೆ ಒರಗಿ ನಿಂತಿದ್ದ ಹಾಲಕ್ಕಿ ಹುಡುಗಿಯೊಬ್ಬಳು ಮೈಕ್ ಇಲ್ಲದೆಯೇ, ಮಳೆ ಸದ್ದಿನ ಮೇಲೆ ಕೇಳುವ ಹಾಗೆ, ‘ನಾ ಮನೆ ಮುಟ್ಟುಕೆ ಹೊಳೆ ದಾಟ್ಬೇಕು, ಕತ್ತಲಾದ್ರೆ ದೋಣಿ ಇಲ್ಲ’ ಅಂದಳು. ಡಿಪೋ ಮ್ಯಾನೇಜರ್ ಕಾಲು ಕೆಳಗಿಳಿಸಿ ಕೂತಳು. ‘ಇದನ್ನ ಮೊದಲೇ ಹೇಳ್ಬೇಕಿತ್ತಲ್ರಾ’ ಅಂದಳು.

‘ಮನೆ ಕನ್ನಡದಲ್ಲಿ ಹೇಳಿದ್ಲು’ ಅಂತ ಒಬ್ಬ ಗುನುಗಿದ. ಈ ನಗೆಯಾಡುವ ಚಾಳಿಯನ್ನು ನಾನು ತರಗತಿಯಲ್ಲಿ ಸಹಿಸುವುದಿಲ್ಲ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಹಾಡುಗಳನ್ನು ತಮ್ಮ ಮಾತಿನಲ್ಲೇ ಹಾಡಿ, ಸಾರಾಯಿ ವಿರುದ್ಧ ತಮ್ಮ ಮಾತಿನಲ್ಲೇ ಹೋರಾಡಿ, 2017ರಲ್ಲಿ ಪದ್ಮಶ್ರೀ ಪಡೆದವರು. ಪುಸ್ತಕದ ಕನ್ನಡ ಬೇಕಾದ ಕಡೆ ಬಳಸಿ, ಕಲಿಯಿರಿ. ಆದರೆ ಮನೆ ಮಾತನ್ನು ಗೇಟಿನ ಹೊರಗೆ ಬಿಟ್ಟು ಬರಬೇಕು ಅಂದರೆ ಅರ್ಧ ಮಕ್ಕಳು ಗೇಟಿನ ಹೊರಗೇ ಉಳಿಯುತ್ತಾರೆ. ಇಷ್ಟು ಹೇಳಿ ಮುಂದಕ್ಕೆ ಹೋದೆ.

ಉಳಿದ ಹೊತ್ತು ಸಂದರ್ಶನಕ್ಕೆ. ಕೈಗಾ, ನೌಕಾನೆಲೆಯ ಗುತ್ತಿಗೆ ಕೆಲಸ, ಬ್ಯಾಂಕು, ಸೊಸೈಟಿ, ಗೋವಾದ ಹೋಟೆಲು. ನಮ್ಮ ಮಕ್ಕಳ ಕಣ್ಣೆದುರು ಇರುವುದು ಇವೇ. ಸಂದರ್ಶನದಲ್ಲಿ ಯಾರೂ ಭಾಷಣ ಕೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಅಪ್ಪನ ಹೆಸರು, ಮಾರ್ಕ್ಸು, ಹವ್ಯಾಸ ಕ್ರಿಕೆಟ್ ನೋಡುವುದು ಅಂತ ಒಪ್ಪಿಸಿದರೆ ಎದುರಿನವರಿಗೆ ಮುಂದೆ ಕೇಳಲು ಏನೂ ಸಿಗುವುದಿಲ್ಲ. ಕಗ್ಗದ ಹುಡುಗನಿಗೆ ಹೇಳಿದೆ, ‘ನೀನು ಗಜನಿ ಅಂದುಬಿಡು, ಅವರೇ ಗಜನಿ ಅಂದ್ರೆ ಏನು ಅಂತ ಕೇಳ್ತಾರೆ. ಆ ಪ್ರಶ್ನೆಗೆ ಉತ್ತರ ನಿನ್ನ ಹತ್ರ ಇದೆ.’ ಗೊತ್ತಿಲ್ಲದ ಪ್ರಶ್ನೆ ಬಂದರೆ? ‘ಗೊತ್ತಿಲ್ಲ ಸರ್’ ಅಂತ ತಲೆ ಎತ್ತಿ ಹೇಳುವುದನ್ನೂ ಅಭ್ಯಾಸ ಮಾಡಿಸಿದೆ. ಹೆಚ್ಚಿನವರು ಅದನ್ನು ತಪ್ಪೊಪ್ಪಿಗೆಯ ಥರ ನೆಲ ನೋಡಿ ಹೇಳುತ್ತಾರೆ.

ಪ್ರಾಂಶುಪಾಲರು ಕೊನೆಯಲ್ಲಿ ಬಂದು, ‘ಇದೆಲ್ಲ ಇಂಗ್ಲಿಷಿನಲ್ಲಿ ಮಾಡಿಸಿದ್ದರೆ ಉಪಯೋಗ ಜಾಸ್ತಿ ಆಗ್ತಿತ್ತು’ ಅಂದರು. ಅವರ ಮಾತಿನಲ್ಲಿ ಹುರುಳಿದೆ. ಎಷ್ಟೋ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದನ್ನು ಮುಚ್ಚಿಡುವುದು ಮಕ್ಕಳಿಗೆ ಮೋಸ. ಆದರೆ ಕನ್ನಡದಲ್ಲಿ ‘ಯಾಕೆ?’ ಅನ್ನುವ ಪ್ರಶ್ನೆಗೆ ನಿಂತು ಉತ್ತರಿಸದ ಹುಡುಗ ಇಂಗ್ಲಿಷಿನಲ್ಲಿ ಉತ್ತರಿಸಿದ್ದನ್ನು ನಾನು ಕಂಡಿಲ್ಲ. ಇದನ್ನು ಅವರಿಗೂ ಹೇಳಿದೆ. ಮುಂದಿನ ಸಲ ಅರ್ಧ ದಿನ ಇಂಗ್ಲಿಷಿಗೆ ಅಂತ ರಾಜಿಯಾಯಿತು.

ಕೆಲವು ದಿನ ಬಿಟ್ಟು ಉಪನ್ಯಾಸಕರು ಫೋನ್ ಮಾಡಿದರು. ಮಕ್ಕಳು ಪಾಸ್ ಇದ್ದವರ ಹೆಸರು, ಊರು ಬರೆದು ಪಟ್ಟಿ ಮಾಡಿಕೊಂಡು ಡಿಪೋಗೆ ಹೋಗಿದ್ದರಂತೆ. ಮಾತಾಡಿದ್ದು ಮ್ಯಾನೇಜರ್ ಪಾತ್ರ ಮಾಡಿದ ಹುಡುಗಿ. ಅಲ್ಲಿಯ ನಿಜವಾದ ಮ್ಯಾನೇಜರ್ ಮೊದಲು ಕೇಳಿದ್ದು, ‘ಎಷ್ಟು ಜನ ಹತ್ತುತ್ತೀರಿ?’ ಅವಳು ಪಟ್ಟಿ ಕೊಟ್ಟಳಂತೆ. ಬಸ್ಸು ಈಗ ವಾರದಲ್ಲಿ ಹೆಚ್ಚಿನ ದಿನ ನಿಲ್ಲುತ್ತದೆ. ನಿಲ್ಲದ ದಿನದ ತಾರೀಖು ಬರೆದಿಡಲು ಅವಳು ಕಗ್ಗದ ಹುಡುಗನಿಗೆ ಹೇಳಿದ್ದಾಳಂತೆ.