ಆ ‘ನಮ್ಮ’ದೊಳಗೆ ನಾನಿದ್ದೀನಾ?

ನಮ್ಮದು ಸಾಫ್ಟ್‌ವೇರ್ ಬರೆಯುವ ಸಹಕಾರ ಸಂಸ್ಥೆ. ಸದಸ್ಯರೇ ಇದರ ಮಾಲೀಕರು. ಮಂಗಳವಾರ ರಾತ್ರಿ ಸರ್ವರ್ ಬಿತ್ತು. ನಡೆದದ್ದನ್ನೆಲ್ಲ ದಾಖಲಿಸಿಡುವ ಲಾಗ್ ಫೈಲುಗಳು ಬೆಳೆದೂ ಬೆಳೆದೂ ಡಿಸ್ಕ್ ತುಂಬಿಹೋಗಿತ್ತು. ಡೇಟಾಬೇಸಿಗೆ ಬರೆಯಲು ಜಾಗವೇ ಇರಲಿಲ್ಲ. ಎರಡು ಗಂಟೆಗೆ ಫೋನ್ ಎತ್ತಿದ್ದು ನಮ್ಮ ಸಹೋದ್ಯೋಗಿ ಒಬ್ಬಾಕೆ. ಹಳೆಯ ಲಾಗುಗಳನ್ನು ಬೇರೆಡೆ ಸಾಗಿಸಿ, ಡೇಟಾಬೇಸ್ ಎಬ್ಬಿಸಿ, ಏನೂ ಕಳೆದುಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಗುಂಪಿಗೆ ಒಂದೇ ಸಾಲು ಹಾಕಿದ್ದಳು: ‘ಎಲ್ಲ ಸರಿಹೋಗಿದೆ.’ ಉಳಿದವರು ಅದನ್ನು ಬೆಳಗ್ಗೆ ಎದ್ದು ಓದಿದೆವು.

ಬುಧವಾರ ಮೀಟಿಂಗ್. ಯಾರ ಮೇಲೂ ತಪ್ಪು ಹೊರಿಸದೆ ಏನಾಯಿತು, ಯಾಕಾಯಿತು ಅಂತ ಮಾತಾಡುವುದು ನಮ್ಮಲ್ಲಿ ರೂಢಿ. ಮುಗಿಸುವಾಗ ನಾನೇ ಹೇಳಿದೆ, “ಇದು ನಮ್ಮ ಸಂಸ್ಥೆ. ನಾವೇ ಕಾಯ್ಕೋಬೇಕು.” ಆಕೆ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಕೇಳಿದಳು:

“ಆ ‘ನಮ್ಮ’ದೊಳಗೆ ನಾನಿದ್ದೀನಾ?”

ದನಿಯಲ್ಲಿ ಕೋಪ ಇರಲಿಲ್ಲ. ನಿಜಕ್ಕೂ ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು. ನಾನು ತಕ್ಷಣ “ಖಂಡಿತ ಇದೀರಿ” ಅಂದೆ. ಅದು ಸುಳ್ಳು. ನಾಲ್ಕು ದಿನದಿಂದ ಆ ಸುಳ್ಳು ನನ್ನನ್ನು ಬಿಟ್ಟಿಲ್ಲ.

ನಮ್ಮ ಬೈಲಾ ಪ್ರಕಾರ 12 ತಿಂಗಳು ದುಡಿದವರು ಸದಸ್ಯತ್ವಕ್ಕೆ ಅರ್ಹರು. ಆಕೆ ಬಂದು 19 ತಿಂಗಳಾಯಿತು. ಮೊದಲ ಸಲ ವಿಷಯ ಬಂದಾಗ ಒಂದು ದೊಡ್ಡ ಕ್ಲೈಂಟ್ ಹಣ ಬಾಕಿ ಇಟ್ಟಿದ್ದರು, ‘ಮುಂದಿನ ಕ್ವಾರ್ಟರ್ ನೋಡೋಣ’ ಅಂದೆವು. ಹಣ ಬಂತು. ಮತ್ತೂ ‘ನೋಡೋಣ’ ಅಂದೆವು. ಲೆಕ್ಕ ನೋಡುವ ನಮ್ಮ ಗೆಳೆಯ ಇದಕ್ಕೆ ಮುಖ್ಯ ಕಾರಣ ಅಂತ ನಾನು ಒಳಗೊಳಗೇ ಅಂದುಕೊಂಡಿದ್ದೆ. ಆತನಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಕಂಡಿಲ್ಲ. ಮೊದಲ ವರ್ಷ ಸಂಬಳವೇ ತೆಗೆದುಕೊಳ್ಳದೆ ದುಡಿದವನು. ಆದರೆ ಆ ವರ್ಷದ ಭಯ ಇನ್ನೂ ಅವನನ್ನು ಬಿಟ್ಟಿಲ್ಲ. ಮೀಸಲು ನಿಧಿ ಅಂದರೆ ಅವನಿಗೆ ತನ್ನ ಬೆವರು. ನಿನ್ನೆ ಬಂದವರಿಗೆ ಅದರಲ್ಲಿ ಹೇಗೆ ಪಾಲು ಕೊಡೋದು ಅನ್ನುವುದು ಅವನ ಸಂಕಟ. ಹಾಗಂತ ಅವನೊಬ್ಬನನ್ನೇ ದೂರುವುದೂ ತಪ್ಪು. ಪ್ರತಿ ಸಲ ಮುಂದೂಡಿದಾಗಲೂ ನಾನು ಒಪ್ಪಿ ಕೈ ಎತ್ತಿದ್ದೇನೆ.

ತೆಲುಗಿನವರಿಗೆ ಎರಡು ‘ನಾವು’ ಇವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಮು’. ತಮಿಳಿನಲ್ಲೂ ‘ನಾಮ್’, ‘ನಾಂಗಳ್’ ಅಂತ ಬೇರೆ ಬೇರೆ. ನಮಗಿರುವುದು ಒಂದೇ ‘ನಾವು’. ಇದನ್ನು ನಾನು ನಮ್ಮ ನುಡಿಯ ದೊಡ್ಡತನ ಅಂತಲೇ ಭಾವಿಸಿದ್ದೆ. ಬುಧವಾರ ಅದರ ಹಿಂದೆ ನಾನು ಅಡಗಿಕೊಂಡೆ. ತೆಲುಗಿನಲ್ಲಿ ಮಾತಾಡಿದ್ದರೆ ಬಾಯಿ ತೆರೆಯುವ ಮೊದಲೇ ಯಾವುದೋ ಒಂದನ್ನು ಆರಿಸಿಕೊಳ್ಳಬೇಕಾಗುತ್ತಿತ್ತು, ಆಕೆ ಕೇಳುವ ಅಗತ್ಯವೇ ಬರುತ್ತಿರಲಿಲ್ಲ.

ಹೊಸಬರಿಗೆ ಸಹಕಾರದ ಕಥೆ ಹೇಳುವವನೂ ನಾನೇ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 28 ಜನ ಸೇರಿ ಅಂಗಡಿ ತೆರೆದದ್ದು, ಒಬ್ಬರಿಗೆ ಒಂದೇ ಮತ ಅಂದದ್ದು, ಎಲ್ಲ ಹೇಳುತ್ತೇನೆ. ಅದೇ ಊರಿನ ಸಹಕಾರಿಗಳು ಹತ್ತು ವರ್ಷದ ಮೇಲೆ ಶುರುಮಾಡಿದ ಗಿರಣಿಯ ಕಥೆ ಮಾತ್ರ ಹೇಳುವುದಿಲ್ಲ. ಅಲ್ಲಿ ದುಡಿಯುವವರಿಗೂ ಲಾಭದಲ್ಲಿ ಪಾಲಿತ್ತು. ಗಿರಣಿ ಬೆಳೆಯಿತು, ಅಲ್ಲಿ ದುಡಿಯದವರು ಶೇರುದಾರರಾಗಿ ತುಂಬಿಕೊಂಡರು, 1862ರಲ್ಲಿ ಆ ಪಾಲನ್ನೇ ತೆಗೆದುಹಾಕಿದರು. ನಮಗೆ ಹೊರಗಿನ ಹೂಡಿಕೆದಾರರು ಯಾರೂ ಇಲ್ಲ ಅಂತ ನಾನು ನೆಮ್ಮದಿಯಲ್ಲಿದ್ದೆ. ಗುರುವಾರ ರಾತ್ರಿ ಕೂತು ಎಣಿಸಿದೆ. ಈ ವರ್ಷ ಕೋಡ್ ಬರೆದವರು ಹನ್ನೊಂದು ಜನ. ಶೇರು ಪುಸ್ತಕದಲ್ಲಿ ಎಂಟು ಹೆಸರು. ಉಳಿದ ಮೂವರ ದುಡಿಮೆಯ ಮಿಗತೆ ನಮ್ಮ ಎಂಟು ಜನರ ನಿಧಿಗೆ ಹೋಗುತ್ತಿದೆ. ಆ ಮೂವರ ಪಾಲಿಗೆ ನಾವು ಕೂಡ ಒಬ್ಬ ಮಾಲೀಕ, ಅಷ್ಟೇ. ಬಿಲ್ಲಿಂಗ್ ಭಾಗದ ಅರ್ಧಕ್ಕರ್ಧ ಸಾಲು ಬರೆದದ್ದು ಆಕೆ. ನಮ್ಮ ಕೆಲಸದಲ್ಲಿ ಗಿರಣಿ ಇಲ್ಲ, ಯಂತ್ರ ಇಲ್ಲ. ಜನರ ತಲೆ ಬಿಟ್ಟರೆ ಬೇರೆ ಬಂಡವಾಳವೇ ಇಲ್ಲ.

ಗೆಳೆಯನ ಸಂಕಟಕ್ಕೆ ದಾರಿ ಇದೆ. 1956ರಲ್ಲಿ ಸ್ಪೇನಿನ ಮೊಂಡ್ರಾಗಾನ್‌ನಲ್ಲಿ ಶುರುವಾದ ಸಹಕಾರಿಗಳಲ್ಲಿ ಪ್ರತಿ ಸದಸ್ಯರಿಗೂ ಅವರದೇ ಬಂಡವಾಳ ಖಾತೆ ಇರುತ್ತದೆ. ಹಳಬರ ದುಡಿಮೆಯ ಪಾಲು ಹಳಬರ ಖಾತೆಯಲ್ಲೇ ಬೆಳೆಯುತ್ತದೆ, ಹೊಸಬರ ಖಾತೆ ಅವರು ಸೇರಿದ ದಿನದಿಂದ ಶುರು. ಮತ ಮಾತ್ರ ಇಬ್ಬರಿಗೂ ಒಂದೇ. ಶುಕ್ರವಾರ ಅವನ ಪಕ್ಕ ಕೂತು ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ಅಂಕಿಗಳನ್ನೇ ನೋಡಿದ. “ಇದನ್ನ ಒಂದು ವರ್ಷದ ಹಿಂದೆ ಯಾಕೆ ತೋರಿಸ್ಲಿಲ್ಲ?” ಅಂದ. ನನ್ನಲ್ಲಿ ಉತ್ತರ ಇರಲಿಲ್ಲ.

ಸೋಮವಾರ ಸದಸ್ಯರ ಸಭೆಗೆ ಮೂವರ ಹೆಸರನ್ನೂ ಇಟ್ಟಿದ್ದೇನೆ. ಏನಾಗುತ್ತದೋ ತಿಳಿಯದು. ಇವತ್ತು ಬುಧವಾರದ ನಡಾವಳಿ ಕಳಿಸಿದ್ದಾಳೆ, ಬರೆಯುವ ಸರದಿ ಆಕೆಯದೇ ಆಗಿತ್ತು. ಡಿಸ್ಕ್, ಲಾಗು, ಇನ್ನು ಮುಂದೆ ಎಚ್ಚರಿಕೆ ಯಾವಾಗ ಬರಬೇಕು, ಎಲ್ಲ ಇದೆ. ಆ ಪ್ರಶ್ನೆ ಇಲ್ಲ. ಮೇಲೆ ‘ಹಾಜರಿದ್ದ ಸದಸ್ಯರು’ ಅಂತ ಎಂಟು ಹೆಸರು. ಕೆಳಗೆ ‘ಆಹ್ವಾನಿತರು’ ಅಂತ ಬರೆದು, ಮೊದಲನೆಯದಾಗಿ ತನ್ನ ಹೆಸರು ಹಾಕಿಕೊಂಡಿದ್ದಾಳೆ.