ಡಿಎಂಐಐಡಿ ಆಫ್ ಆಗಿತ್ತು, ವಸಂತನರಸಾಪುರದಲ್ಲಿ ಶಿಫ್ಟ್ ನಿಂತಿತು

ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಏನಿರಬೇಕು, ಏನು ಬೇಡ ಅಂತ ಆರಿಸುವ ಕರ್ನಲ್ ಕಾನ್‌ಫಿಗ್‌ನಲ್ಲಿ ಹೆಚ್ಚಿನವರು ಸುಮ್ನೆ ದಾಟಿ ಹೋಗುವ ಒಂದು ಮೆನು ಇದೆ. ಫರ್ಮ್‌ವೇರ್ ಡ್ರೈವರ್ಸ್ ಅಂತ ಹೆಸರು. ಫರ್ಮ್‌ವೇರ್ ಅಂದರೆ ಬೋರ್ಡಿನ ಚಿಪ್‌ನಲ್ಲೇ ಕೂತು ಲಿನಕ್ಸ್‌ಗಿಂತ ಮೊದಲು ಓಡುವ ಸಾಫ್ಟ್‌ವೇರ್. ಮೊದಲೆಲ್ಲ ಮೆನುಕಾನ್‌ಫಿಗ್ ಅನ್ನುವ ಆಯ್ಕೆ ಸ್ಕ್ರೀನ್ ತೆರೆದ ಕೂಡಲೇ ಈ ಮೆನು ಕಾಣುತ್ತಿತ್ತು, ಈಗಿನ ಕರ್ನಲ್‌ಗಳಲ್ಲಿ ಡಿವೈಸ್ ಡ್ರೈವರ್ಸ್ ಒಳಗೆ ಸೇರಿಕೊಂಡಿದೆ. ಆ ಮೆನುವಿನಲ್ಲಿ ಡಿಎಂಐಐಡಿ ಅನ್ನುವ ಒಂದೇ ಒಂದು ಸಾಲನ್ನು ಆಫ್ ಮಾಡಿದ್ದರಿಂದ ನಮ್ಮ ಕಸ್ಟಮರ್ ಒಬ್ಬರ ಶೆಡ್‌ನಲ್ಲಿ ಬೆಳಗಿನ ಶಿಫ್ಟ್ ನಿಂತುಹೋಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಇದೇ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ತುಮಕೂರಿನ ಬಿ.ಎಚ್. ರಸ್ತೆಯ ಹತ್ತಿರ ಇರುವ ಸಣ್ಣ ಕಂಪನಿ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಷಿನ್‌ಗಳ ಪ್ಯಾನಲ್ ಒಳಗೆ ಕೂರುವ ಡಬ್ಬಿ ಮಾಡುತ್ತೇವೆ. ಒಳಗೆ ಒಂದು ಇಂಟೆಲ್ ಬೋರ್ಡ್, ಸೆನ್ಸರ್ ಓದಿ ರಿಲೇ ಆಡಿಸುವ ಡಿಐಒ (ಡಿಜಿಟಲ್ ಇನ್‌ಪುಟ್-ಔಟ್‌ಪುಟ್), ಅದರ ಮೇಲೆ ನಾವೇ ಬಿಲ್ಡ್ ಮಾಡಿದ ಲಿನಕ್ಸ್. ಡಬ್ಬಿ ಸೆನ್ಸರ್‌ಗಳನ್ನೆಲ್ಲ ನೋಡಿ ಸರಿ ಇದ್ದರೆ ಓಕೆ ರಿಲೇ (ವಿದ್ಯುತ್‌ನಿಂದ ಆಡುವ ಸ್ವಿಚ್) ಕೊಡುತ್ತದೆ. ಆ ರಿಲೇ ಬರದಿದ್ದರೆ ಮಷಿನ್ ಸೈಕಲ್ ಸ್ಟಾರ್ಟ್ ತಗೊಳ್ಳುವುದಿಲ್ಲ. ಇಂಟರ್‌ಲಾಕ್ ಅಂದಮೇಲೆ ಹಾಗೇ ಇರಬೇಕು.

ಮಾರ್ಕೆಟಿಂಗ್‌ನವರು ಯಾರಿಗೋ ಮಾತು ಕೊಟ್ಟು ಬಂದಿದ್ದರು. ಪವರ್ ಹಾಕಿದ 10 ಸೆಕೆಂಡ್ ಒಳಗೆ ಡಬ್ಬಿ ರೆಡಿ ಆಗಬೇಕಂತೆ. ನಮ್ಮನ್ನು ಕೇಳಿ ಕೊಟ್ಟ ಮಾತಲ್ಲ. ಬೂಟ್ ಹೊತ್ತು ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಸಿಸ್ಟಂಡಿ ಅನಲೈಸ್ ಹೊಡೆದು ನೋಡಿದರೆ, ಯುಇಎಫ್‌ಐ (ಹೊಸ ತರದ ಫರ್ಮ್‌ವೇರ್) ಬೋರ್ಡ್‌ಗಳಲ್ಲಿ ದೊಡ್ಡ ಪಾಲು ಹೊತ್ತು ಹೋಗುತ್ತಿದ್ದುದು ಫರ್ಮ್‌ವೇರ್‌ನಲ್ಲೇ, ಅಂದರೆ ಕರ್ನಲ್ ಇನ್ನೂ ಕಣ್ಣು ಬಿಡುವ ಮೊದಲೇ. ಅದನ್ನು ಬೋರ್ಡ್ ವೆಂಡರ್ ಹತ್ತಿರ ಮಾತಾಡಿ ಸರಿ ಮಾಡಿಸಬೇಕು ಅಂತ ಮೀಟಿಂಗ್‌ನಲ್ಲಿ ಹೇಳಿದೆ. 'ಅದೆಲ್ಲ ಆಮೇಲೆ ನೋಡೋಣ, ನಿಮ್ಮ ಕೈಯಲ್ಲಿ ಇರೋದನ್ನ ಕಮ್ಮಿ ಮಾಡಿ' ಅಂದರು. ನಮ್ಮ ಕೈಯಲ್ಲಿ ಇದ್ದದ್ದು ಕರ್ನಲ್ ಒಂದೇ.

ಸರಿ, ಕತ್ತರಿ ಹಿಡಿದು ಕೂತೆವು. ಫರ್ಮ್‌ವೇರ್ ಡ್ರೈವರ್ಸ್ ಮೆನುವಿನಲ್ಲಿ ತೆಗೆಯಬೇಕಾದ್ದೂ ಇದ್ದವು, ಅದು ನಿಜ. ನಮ್ಮ ಹಳೆಯ ಬೋರ್ಡ್‌ಗಳು ಇನ್ನೂ ಲೆಗಸಿ ಬಯಾಸ್ ಅನ್ನುವ ಹಳೆ ತರದ ಫರ್ಮ್‌ವೇರ್‌ನಲ್ಲಿ ಬೂಟ್ ಆಗುತ್ತವೆ. ಅವುಗಳಲ್ಲಿ 'ಪ್ರೋಬಿಂಗ್ ಇಡಿಡಿ' ಅಂತ ಬಂದು ಸ್ಕ್ರೀನ್ ಅಲ್ಲೇ ನಿಲ್ಲುತ್ತಿತ್ತು. ಬೂಟ್ ಆದ ಡಿಸ್ಕ್ ಯಾವುದು ಅಂತ ಬಯಾಸ್‌ನ್ನು ಕೇಳುವ ಕೆಲಸ ಅದು. ನಮ್ಮ ಡಬ್ಬಿಯಲ್ಲಿ ಇರುವುದೇ ಒಂದು ಡಿಸ್ಕ್. ತೆಗೆದೆವು, ಹೊತ್ತು ಉಳಿಯಿತು. ಐಸ್ಕಸಿ ಐಬಿಎಫ್‌ಟಿ ನೆಟ್‌ವರ್ಕ್ ಡಿಸ್ಕ್‌ನಿಂದ ಬೂಟ್ ಆಗುವವರಿಗೆ, ಅದನ್ನೂ ತೆಗೆದೆವು. ಕ್ಯೂಎಂಯು ಎಫ್‌ಡಬ್ಲ್ಯೂ ಕಾನ್‌ಫಿಗ್ ವರ್ಚುವಲ್ ಮಷಿನ್‌ಗೆ, ಗೂಗಲ್ ಫರ್ಮ್‌ವೇರ್ ಡ್ರೈವರ್ಸ್ ಕ್ರೋಮ್‌ಬುಕ್ ತರದವಕ್ಕೆ. ಎರಡೂ ನಮಗೆ ಬೇಡ.

ಅದೇ ಓಟದಲ್ಲಿ ಹೋಗಿದ್ದು ಡಿಎಂಐಐಡಿ. ಮೆನುವಿನಲ್ಲಿ ಅದರ ಹೆಸರು 'ಎಕ್ಸ್‌ಪೋರ್ಟ್ ಡಿಎಂಐ ಐಡೆಂಟಿಫಿಕೇಶನ್ ವಯಾ ಸಿಸ್‌ಎಫ್‌ಎಸ್ ಟು ಯೂಸರ್‌ಸ್ಪೇಸ್'. ಡಿಎಂಐ ಅಂದರೆ ಬೋರ್ಡ್ ಬಗ್ಗೆ ಫರ್ಮ್‌ವೇರ್ ಇಟ್ಟುಕೊಂಡ ಮಾಹಿತಿ, ಯೂಸರ್‌ಸ್ಪೇಸ್ ಅಂದರೆ ಕರ್ನಲ್ ಮೇಲೆ ಓಡುವ ಪ್ರೋಗ್ರಾಂಗಳು. ಈ ಆಪ್ಷನ್ ಬೋರ್ಡ್ ಹೆಸರು, ಬಯಾಸ್ ವರ್ಷನ್, ಸೀರಿಯಲ್ ನಂಬರ್ ಇವನ್ನು /ಸಿಸ್/ಕ್ಲಾಸ್/ಡಿಎಂಐ/ಐಡಿ ಒಳಗೆ ಫೈಲ್‌ಗಳಾಗಿ ತೋರಿಸುತ್ತದೆ. ಪ್ಯಾನಲ್ ಒಳಗೆ ಕೂತ ಡಬ್ಬಿಯಲ್ಲಿ ಬೋರ್ಡ್ ಹೆಸರನ್ನು ಓದುವವರು ಯಾರು ಅನ್ನಿಸುತ್ತದೆ, ಅಲ್ವಾ? ನಮ್ಮ ಟೀಮ್‌ಗೂ ಹಾಗೇ ಅನ್ನಿಸಿತು. ಬೆಂಚ್ ಮೇಲಿನ ಡಬ್ಬಿಯಲ್ಲಿ ಹೊಸ ಇಮೇಜ್ (ಕರ್ನಲ್ ಸಮೇತ ಪೂರ್ತಿ ಸಾಫ್ಟ್‌ವೇರ್) ಹಾಕಿದೆವು. ಬೂಟ್ ಆಯಿತು, ಡಿಐಒ ಆಡಿತು, ಟೆಸ್ಟ್ ಶೀಟ್‌ನಲ್ಲಿ ಎಲ್ಲ ಹಸಿರು. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಸ್ಟಮರ್ ಒಬ್ಬರ ಒಂದು ಲೈನಿಗೆ ಸಂಜೆ ಹೊಸ ಇಮೇಜ್ ಕಳಿಸಿದೆವು.

ಬೆಳಗಿನ ಶಿಫ್ಟ್ ಶುರುವಾಗುವ ಹೊತ್ತಿಗೆ ಅಲ್ಲಿನ ಸೂಪರ್‌ವೈಸರ್ ಫೋನ್ ಮಾಡಿದರು. 'ಏನ್ ಸರ್ ಇದು, ನಿನ್ನೆ ರಾತ್ರಿವರೆಗೂ ಸರಿ ಇತ್ತಲ್ಲ. ಈಗ ಒಂದು ಮಷಿನ್ನೂ ಸ್ಟಾರ್ಟ್ ತಗೊಳ್ತಿಲ್ಲ.' ಡಬ್ಬಿಯ ಲೈಟ್ ಉರೀತಿದೆಯಾ ಅಂತ ಕೇಳಿದೆ. ಉರೀತಿದೆ ಅಂದರು. ಪೂರ್ತಿ ಬೂಟ್ ಆಗಿದೆ, ಆದರೆ ರಿಲೇ ಮಾತ್ರ ಬರುತ್ತಿಲ್ಲ ಅಂದರೆ 24 ವೋಲ್ಟ್ ಕಡೆ ಏನೋ ಆಗಿದೆ ಅಂತ ನನ್ನ ತಲೆಗೆ ಬಂತು. ಎಸ್‌ಎಂಪಿಎಸ್ (ಪವರ್ ಸಪ್ಲೈ) ಚೆಕ್ ಮಾಡಿಸಿ ಸರ್ ಅಂತ ಹೇಳಿ ಗಾಡಿ ಹತ್ತಿದೆ. ತುಮಕೂರಿಂದ ಸಿರಾ ಕಡೆ ಹೈವೇಯಲ್ಲಿ ಹೋಗುತ್ತಾ ದಾರಿಯುದ್ದಕ್ಕೂ ಟರ್ಮಿನಲ್ ಬ್ಲಾಕ್, ಫ್ಯೂಸ್, ಕಾಮನ್ ವೈರ್ ಇದೇ ತಲೆಯಲ್ಲಿ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಅಣ್ಣ ಪ್ಯಾನಲ್ ಬಾಗಿಲು ತೆಗೆದು ಮೀಟರ್ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಪ್ರೋಬ್ ಇಟ್ಟು ತೋರಿಸಿದರು, 24 ವೋಲ್ಟ್ ಸರಿಯಾಗಿತ್ತು. ರಿಲೇ ಕಾಯಿಲ್ ತುದಿಗೆ ಇಟ್ಟರು, ಏನೂ ಇಲ್ಲ. 'ನಿಮ್ಮ ಡಬ್ಬಿನೇ ಕೊಡ್ತಿಲ್ಲ ಸರ್' ಅಂದರು. ಅವರು ಹೇಳಿದ್ದೇ ಸರಿ. ಆಪರೇಟರ್‌ಗಳು ಆ್ಯಪ್ರನ್ ಹಾಕಿಕೊಂಡು ಮಷಿನ್ ಪಕ್ಕದಲ್ಲೇ ನಿಂತಿದ್ದರು. ಯಾರೂ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ. ಪೀಸ್ ಲೆಕ್ಕದಲ್ಲಿ ಇನ್ಸೆಂಟಿವ್ ಸಿಗುವ ಹುಡುಗರು ಅವರು.

ಲ್ಯಾನ್ ಕೇಬಲ್ ಸಿಕ್ಕಿಸಿ ಒಳಗೆ ಹೋದೆ. ಕರ್ನಲ್ ಲಾಗ್ ಆದ ಡಿಮೆಸೇಜ್‌ನಲ್ಲಿ ಒಂದು ಎರರ್ ಇಲ್ಲ. ನಮ್ಮ ಅಪ್ಲಿಕೇಶನ್ ಲಾಗ್‌ನಲ್ಲಿ ಮಾತ್ರ ಡಿಐಒ ಸಿಗಲಿಲ್ಲ ಅಂತ ಪದೇ ಪದೇ. ಡ್ರೈವರ್ ಫೇಲ್ ಆಗಿದ್ದರೆ ಕರ್ನಲ್ ಏನಾದರೂ ಗೊಣಗಬೇಕಿತ್ತು. ಗೊಣಗಿಲ್ಲ, ಯಾಕೆಂದರೆ ಡ್ರೈವರ್ ಲೋಡೇ ಆಗಿಲ್ಲ. ಆ ಹೊತ್ತಿನಲ್ಲಿ ಅದು ನನಗೆ ಹೊಳೆಯಲಿಲ್ಲ. ಡಿಐಒ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಲೋಡ್ ಆಗುವ ಡ್ರೈವರ್) ಬೋರ್ಡ್ ಹೆಸರು ನೋಡಿ ಕೆಲಸ ಮಾಡುತ್ತದೆ ಅಂತ ಗೊತ್ತಿತ್ತು, ಹಾಗಾಗಿ ಡಿಎಂಐ ಮಾಹಿತಿ ತೋರಿಸುವ ಡಿಎಂಐಡಿಕೋಡ್ ಹೊಡೆದೆ. ಬೋರ್ಡ್ ಹೆಸರು, ಬಯಾಸ್ ವರ್ಷನ್ ಎಲ್ಲ ಚೆನ್ನಾಗಿ ಬಂತು. ಡಿಎಂಐ ಸರಿ ಇದೆ ಅಂತ ಆ ಬಾಗಿಲು ಮುಚ್ಚಿಬಿಟ್ಟೆ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಡಿಎಂಐಡಿಕೋಡ್ ಓದುವುದು /ಸಿಸ್/ಫರ್ಮ್‌ವೇರ್/ಡಿಎಂಐ/ಟೇಬಲ್ಸ್ ಇಂದ. ಅದಕ್ಕೆ ಕಾನ್‌ಫಿಗ್_ಡಿಎಂಐ ಅನ್ನುವ ಬೇರೆ ಆಪ್ಷನ್ ಇದ್ದರೆ ಸಾಕು. ಡಿಎಂಐಐಡಿ ಇಲ್ಲದಿದ್ದರೂ ಅದು ನಗುನಗುತ್ತಾ ಓಡುತ್ತದೆ.

ಪಕ್ಕದ ಲೈನಿನಲ್ಲಿ ಹಳೆ ಇಮೇಜ್ ಇದ್ದ ಡಬ್ಬಿಗಳಿದ್ದವು, ಅದೇ ನಮ್ಮ ಪುಣ್ಯ. ಎರಡೂ ಕಡೆ ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಮಾಡ್ ತೆಗೆದು ಅಕ್ಕಪಕ್ಕ ಇಟ್ಟೆ. ಹೊಸದರಲ್ಲಿ ಡಿಐಒ ಮಾಡ್ಯೂಲ್ ಇಲ್ಲವೇ ಇಲ್ಲ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್ ಕೈಯಿಂದ ಕೊಟ್ಟೆ. ಪ್ಯಾನಲ್ ಒಳಗೆ ರಿಲೇ ಟಿಕ್ ಅಂದಿತು. ಸೂಪರ್‌ವೈಸರ್ ಸೈಕಲ್ ಸ್ಟಾರ್ಟ್ ಒತ್ತಿದರು, ಸ್ಪಿಂಡಲ್ ತಿರುಗಿತು. ಉಳಿದ ಡಬ್ಬಿಗಳಿಗೂ ಒಂದೊಂದಾಗಿ ಮಾಡ್‌ಪ್ರೋಬ್ ಕೊಡುತ್ತಾ ಹೋದೆ.

ಅಷ್ಟರಲ್ಲಿ ಮ್ಯಾನೇಜರ್ ಫೋನ್. 'ಸರಿಹೋಯ್ತಲ್ಲ, ಆ ಮಾಡ್ಯೂಲ್ ಹೆಸರನ್ನೇ ಬೂಟ್‌ನಲ್ಲಿ ಓದೋ ಮಾಡ್ಯೂಲ್ಸ್ ಲೋಡ್ ಫೈಲಿಗೆ ಸೇರಿಸಿ ಎಲ್ಲ ಡಬ್ಬಿಗೂ ತಳ್ಳಿಬಿಡಿ.' ನಾನು ಒಪ್ಪಲಿಲ್ಲ. ಹಳೆ ಇಮೇಜ್‌ನಲ್ಲಿ ತಾನಾಗೇ ಲೋಡ್ ಆಗುತ್ತಿದ್ದದ್ದು ಹೊಸದರಲ್ಲಿ ಯಾಕೆ ಆಗಲಿಲ್ಲ ಅಂತ ಗೊತ್ತಾಗದೆ ಏನನ್ನೂ ತಳ್ಳಬಾರದು. ಸ್ವಲ್ಪ ಜೋರಾಗಿಯೇ ಹೇಳಿದೆ. ಹೇಳಿದ್ದಕ್ಕೆ ಈಗಲೂ ಬೇಜಾರಿಲ್ಲ.

ಶೆಡ್‌ನ ಕ್ಯಾಂಟೀನಲ್ಲಿ ಕೂತು ನೋಡಿದೆ. /ಸಿಸ್/ಕ್ಲಾಸ್/ಡಿಎಂಐ ಅನ್ನುವ ಡೈರೆಕ್ಟರಿಯೇ ಇಲ್ಲ. ಕರ್ನಲ್ ತನ್ನ ಕಾನ್‌ಫಿಗ್ ತೋರಿಸುವ ಪ್ರಾಕ್ ಕಾನ್‌ಫಿಗ್ ಜೀಜಿಪ್ ಫೈಲ್ ತೆರೆದು ಡಿಎಂಐ ಅಂತ ಗ್ರೆಪ್ ಹೊಡೆದು ಹುಡುಕಿದೆ. ಕಾನ್‌ಫಿಗ್_ಡಿಎಂಐ ವೈ, ಅಂದರೆ ಆನ್. ಅದರ ಕೆಳಗೆ, '# ಕಾನ್‌ಫಿಗ್_ಡಿಎಂಐಐಡಿ ಈಸ್ ನಾಟ್ ಸೆಟ್'. ಇಮೇಜ್ ಸೈಜ್ ಕಮ್ಮಿ ಮಾಡಲು ಈ ಫೈಲ್ ಕೊಡುವ ಐಕೆಕಾನ್‌ಫಿಗ್‌ನ್ನೂ ತೆಗೀರಿ ಅಂತ ಒತ್ತಾಯ ಇತ್ತು, 100 ಕೆಬಿಯೂ ಇಲ್ಲದ ಫೈಲಿಗೆ. ತೆಗೆದಿದ್ದರೆ ಆವತ್ತು ಆ ಶೆಡ್‌ನಲ್ಲಿ ಕೂತು ಇದನ್ನು ಹಿಡಿಯಲು ಆಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಈ ಬೋರ್ಡ್‌ನ ಡಿಐಒ ಪಿಸಿಐ ಮೇಲೆ ಇಲ್ಲ, ಯುಎಸ್‌ಬಿ ಮೇಲೂ ಇಲ್ಲ. ಅವಕ್ಕಿರುವಂತೆ ಇದಕ್ಕೊಂದು ಐಡಿ ನಂಬರ್ ಅಂತ ಇಲ್ಲ. ಹಾಗಾಗಿ ವೆಂಡರ್ ಕೊಟ್ಟ ಮಾಡ್ಯೂಲ್ ತಾನು ಯಾವ ಹಾರ್ಡ್‌ವೇರ್‌ಗೆ ಅಂತ ಹೇಳುವ ಏಲಿಯಾಸ್‌ನಲ್ಲಿ ಬೋರ್ಡ್ ಹೆಸರನ್ನೇ ಹಾಕಿಕೊಂಡಿದೆ. ಬೂಟ್ ಹೊತ್ತಿನಲ್ಲಿ ಡಿವೈಸ್‌ಗಳನ್ನು ನೋಡಿಕೊಳ್ಳುವ ಯುಡೆವ್ ಅನ್ನುವ ಪ್ರೋಗ್ರಾಂ ಡಿಎಂಐ/ಐಡಿಯ ಮಾಡ್‌ಏಲಿಯಾಸ್ (ಬೋರ್ಡ್ ಹೆಸರಿರುವ ಗುರುತಿನ ಸಾಲು) ಓದಿ, ಹೊಂದುವ ಮಾಡ್ಯೂಲ್ ಹುಡುಕಿ ಲೋಡ್ ಮಾಡುತ್ತದೆ. ಡಿಎಂಐಐಡಿ ಆಫ್ ಆದರೆ ಓದಲು ಮಾಡ್‌ಏಲಿಯಾಸೇ ಇಲ್ಲ. ಮನೆ ಇದೆ, ಒಳಗೆ ಜನ ಇದ್ದಾರೆ, ಬಾಗಿಲ ಮೇಲೆ ಹೆಸರು ಮಾತ್ರ ಇಲ್ಲ. ಕೈಯಿಂದ ಮಾಡ್‌ಪ್ರೋಬ್ ಕೊಟ್ಟಾಗ ಕೆಲಸ ಮಾಡಿದ್ದೂ ಇದಕ್ಕೇ. ಡ್ರೈವರ್ ಒಳಗೆ ಮಾಡುವ ಬೋರ್ಡ್ ಚೆಕ್‌ಗೆ ಕಾನ್‌ಫಿಗ್_ಡಿಎಂಐ ಸಾಕು.

ಇದೇನು ಗುಟ್ಟಿನ ವಿಷಯವಲ್ಲ. ಆ ಆಪ್ಷನ್ ಮೇಲೆ ನಿಂತು ಹೆಲ್ಪ್ ಒತ್ತಿದರೆ ಎರಡು ಮಾತು ಬರುತ್ತದೆ. ಯೂಸರ್‌ಸ್ಪೇಸ್‌ನಿಂದ ಬೋರ್ಡ್ ಮಾಹಿತಿ ಓದಬೇಕಿದ್ದರೆ ವೈ ಕೊಡಿ ಅನ್ನುವುದು ಒಂದು. ಅದೇ ವಾಕ್ಯದ ಬಾಲದಲ್ಲಿ, ಡಿಎಂಐ ನೋಡಿ ಮಾಡ್ಯೂಲ್ ತಾನಾಗಿ ಲೋಡ್ ಆಗಬೇಕಿದ್ದರೂ ವೈ ಕೊಡಿ ಅಂತ ಇದೆ. ಆ ಬಾಲವೇ ನಮಗೆ ಬೇಕಿದ್ದದ್ದು. ಮೆನುವಿನ ಹೆಸರಿನಲ್ಲಿ ಅದರ ಸುಳಿವೇ ಇಲ್ಲ.

ಹಾಗಾದರೆ ಬೆಂಚ್ ಮೇಲೆ ಯಾಕೆ ಸರಿ ಇತ್ತು? ಯಾವುದೋ ಹಳೆ ಟೆಸ್ಟ್‌ಗೆ ಅಂತ ಆ ಡಬ್ಬಿಯ ಮಾಡ್ಯೂಲ್ಸ್ ಲೋಡ್ ಫೈಲಿನಲ್ಲಿ ಡಿಐಒ ಹೆಸರು ಬರೆದಿಟ್ಟಿದ್ದರು. ಅದು ಅಲ್ಲೇ ಉಳಿದಿತ್ತು. ರಿವ್ಯೂನಲ್ಲೂ ತಪ್ಪಿಹೋಯಿತು, ಅದಕ್ಕೂ ಕಾರಣ ಇದೆ. ಡಿಎಂಐಐಡಿ ಡೀಫಾಲ್ಟಾಗಿ ವೈ. ಆಫ್ ಮಾಡಿ, ಡೀಫಾಲ್ಟ್‌ಗಿಂತ ಬೇರೆಯಾದದ್ದನ್ನಷ್ಟೇ ಬರೆಯುವ ಸೇವ್‌ಡೆಫ್‌ಕಾನ್‌ಫಿಗ್ ಕೊಟ್ಟರೆ ಫೈಲಿನಲ್ಲಿ ಹ್ಯಾಶ್‌ನಿಂದ ಶುರುವಾಗುವ ಒಂದು ಸಾಲು ಬರುತ್ತದೆ. ಬೇರೆ ಎಲ್ಲ ಕಡೆ ಹ್ಯಾಶ್ ಅಂದರೆ ಕಾಮೆಂಟ್, ಕಾನ್‌ಫಿಗ್ ಓದುವ ಕೆಕಾನ್‌ಫಿಗ್ ಮಾತ್ರ ಅದನ್ನು ಆಜ್ಞೆ ಅಂತಲೇ ಓದುತ್ತದೆ. ಬೂದು ಬಣ್ಣದಲ್ಲಿ ಕಾಣುವ ಆ ಸಾಲಿನ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ. ಈಗ ನಮ್ಮ ಎಡಿಟರ್‌ಗಳಲ್ಲಿ 'ಈಸ್ ನಾಟ್ ಸೆಟ್' ಸಾಲುಗಳಿಗೆ ಕೆಂಪು ಬಣ್ಣ ಹಾಕಿಸಿದ್ದೇವೆ.

ಇಷ್ಟಕ್ಕೇ ಮುಗಿದಿದ್ದರೆ ಮ್ಯಾನೇಜರ್ ಹೇಳಿದ ದಾರಿಯೂ ನಡೆಯುತ್ತಿತ್ತೇನೋ. ಕ್ಯಾಂಟೀನಲ್ಲಿ ಕೂತೇ ನಮ್ಮ ಕೋಡ್‌ನಲ್ಲೆಲ್ಲ ಡಿಎಂಐ/ಐಡಿ ಅಂತ ಹುಡುಕಿದೆ. ಅಪ್‌ಡೇಟ್ ಏಜೆಂಟ್ ಸಿಕ್ಕಿತು. ಅದು ಪ್ರಾಡಕ್ಟ್ ನೇಮ್ ಫೈಲ್ ಓದಿ, ಯಾವ ಬೋರ್ಡಿಗೆ ಯಾವ ಪ್ಯಾಕೇಜ್ ಅಂತ ಆರಿಸುತ್ತದೆ. ಫೈಲ್ ಸಿಗದಿದ್ದರೆ ಡೀಫಾಲ್ಟ್ ಬೋರ್ಡ್ ಅಂದುಕೊಳ್ಳುತ್ತದೆ. ನಮ್ಮ ಡೀಫಾಲ್ಟ್ ಅಂದರೆ ಹಳೆಯ ಲೆಗಸಿ ಬಯಾಸ್ ಬೋರ್ಡ್. ಆವತ್ತು ರಾತ್ರಿಗೇ ಆ ಲೈನಿಗೆ ಇನ್ನೊಂದು ಸಣ್ಣ ಪ್ಯಾಚ್ ಹೋಗುವುದಿತ್ತು. ಹೋಗಿದ್ದರೆ ಬೇರೆ ಬೋರ್ಡಿನ ಪ್ಯಾಕೇಜ್ ಈ ಡಬ್ಬಿಗಳ ಮೇಲೆ ಕೂತು, ಬೆಳಿಗ್ಗೆ ಡಬ್ಬಿಗಳು ಏಳುತ್ತಲೇ ಇರಲಿಲ್ಲ. ಫೋನ್ ಮಾಡಿ ಮೊದಲು ಆ ಜಾಬ್ ನಿಲ್ಲಿಸಿದೆ. ಆಮೇಲೆ ಹಳೆ ಇಮೇಜ್‌ಗೆ ರೋಲ್‌ಬ್ಯಾಕ್.

ಫರ್ಮ್‌ವೇರ್ ಡ್ರೈವರ್ಸ್ ಅನ್ನುವ ಹೆಸರು ನೋಡಿ ಎಲ್ಲರೂ ಇದು ಹಾರ್ಡ್‌ವೇರ್‌ಗೆ ಸಂಬಂಧಿಸಿದ್ದು ಅಂದುಕೊಳ್ಳುತ್ತಾರೆ. ಅಲ್ಲಿನ ಎಷ್ಟೋ ಆಪ್ಷನ್‌ಗಳು ಫರ್ಮ್‌ವೇರ್ ಹೇಳಿದ್ದನ್ನು ಮೇಲಿನ ಪ್ರೋಗ್ರಾಂಗಳಿಗೆ ತಲುಪಿಸುವ ಕೆಲಸ ಮಾಡುತ್ತವೆ. ತೆಗೆದರೆ ಕರ್ನಲ್‌ಗೆ ಏನೂ ಆಗುವುದಿಲ್ಲ, ಅದಕ್ಕೇ ಅದು ಬಾಯಿ ಬಿಡುವುದಿಲ್ಲ. ಡಿಎಂಐಐಡಿ ತೆಗೆದದ್ದರಿಂದ ಉಳಿದ ಬೂಟ್ ಟೈಮ್ ಎಷ್ಟು ಅಂತ ಆಮೇಲೆ ಅಳೆದೆವು. ಇದ್ದಾಗಿಗೂ ಇಲ್ಲದಾಗಿಗೂ ವ್ಯತ್ಯಾಸವೇ ಕಾಣಲಿಲ್ಲ.

ಆ ವಾರ ಆ ಮೆನುವನ್ನು ಹೆಲ್ಪ್ ಸಮೇತ ಪೂರ್ತಿ ಓದಿದೆವು. ರೀಸೆಟ್ ಅಟ್ಯಾಕ್ ಮಿಟಿಗೇಶನ್ ಅಂತ ಒಂದಿದೆ. ಕೇಳಲು ಸೆಕ್ಯುರಿಟಿಗೆ ಒಳ್ಳೆಯದು ಅನ್ನಿಸುತ್ತದೆ. ರೀಬೂಟ್ ಆದಾಗ ರ್ಯಾಮ್ ಅಳಿಸಿಬಿಡು ಅಂತ ಫರ್ಮ್‌ವೇರ್‌ಗೆ ಹೇಳುತ್ತದೆ. ಆದರೆ ಸರಿಯಾಗಿ ಶಟ್‌ಡೌನ್ ಆಗುವಾಗ ಯೂಸರ್‌ಸ್ಪೇಸ್ ಆ ಫ್ಲ್ಯಾಗ್ ತೆಗೆಯಬೇಕು, ಇಲ್ಲದಿದ್ದರೆ ಪ್ರತಿ ರೀಬೂಟ್‌ಗೂ ರ್ಯಾಮ್ ಅಳಿಸುತ್ತಾ ಕೂರುತ್ತದೆ. ನಮ್ಮಲ್ಲಿ ಅದನ್ನು ತೆಗೆಯುವವರು ಯಾರೂ ಇರಲಿಲ್ಲ, ಹಾಗಾಗಿ ಅದು ಆಫ್. ಇಎಫ್‌ಐ ಪಿಸ್ಟೋರ್ ಬಗ್ಗೆ ಟೀಮ್‌ನಲ್ಲಿ ಜಗಳವೇ ಆಯಿತು. ಅದು ಆನ್ ಇದ್ದರೆ ಕರ್ನಲ್ ಪ್ಯಾನಿಕ್ ಆದಾಗ (ಕುಸಿದು ನಿಂತಾಗ) ಕೊನೆಯ ಲಾಗ್ ಎನ್‌ವಿರ್ಯಾಮ್‌ನಲ್ಲಿ, ಅಂದರೆ ಪವರ್ ಹೋದರೂ ಅಳಿಯದ ಫರ್ಮ್‌ವೇರ್ ಮೆಮೊರಿಯಲ್ಲಿ ಉಳಿಯುತ್ತದೆ, ಫೀಲ್ಡ್‌ನಲ್ಲಿ ಅದಕ್ಕೆ ಬೆಲೆ ಕಟ್ಟಲಾಗದು. ಆದರೆ 2013ರಲ್ಲಿ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳು ಆ ಜಾಗ ಜಾಸ್ತಿ ತುಂಬಿದ್ದಕ್ಕೇ ಮತ್ತೆ ಬೂಟ್ ಆಗದೆ ಸತ್ತವು. ಅದಾದ ಮೇಲೆ ಕರ್ನಲ್ ಸುಮಾರು 5 ಕೆಬಿ ಖಾಲಿ ಉಳಿಯುವಂತೆ ನೋಡಿಕೊಳ್ಳುವ ಚೆಕ್ ಸೇರಿಸಿಕೊಂಡಿತು. ನಾವು ಆನ್ ಮಾಡಿದೆವು. ಬೂಟ್ ಆದ ಕೂಡಲೇ ಲಾಗ್‌ನ್ನು ಡಿಸ್ಕ್‌ಗೆ ಎತ್ತಿಕೊಂಡು ಎನ್‌ವಿರ್ಯಾಮ್ ಖಾಲಿ ಮಾಡುವ ಸರ್ವಿಸ್ ಬರೆದ ಮೇಲೆಯೇ ಆನ್ ಮಾಡಿದ್ದು.

ಈಗ ನಮ್ಮ ಬದಲಾವಣೆಗಳನ್ನಷ್ಟೇ ಬರೆದಿಡುವ ಕಾನ್‌ಫಿಗ್ ಫ್ರಾಗ್ಮೆಂಟ್‌ನಲ್ಲಿ ಆಫ್ ಮಾಡಿದ ಪ್ರತಿ ಸಾಲಿನ ಮೇಲೆ ಎರಡು ವಿಷಯ ಬರೆಯಲೇಬೇಕು: ಇದನ್ನು ಓದುವವರು ಯಾರು, ತೆಗೆದರೆ ಉಳಿದದ್ದೆಷ್ಟು. ಎರಡನೆಯದಕ್ಕೆ ಅಳತೆ ಇಲ್ಲದಿದ್ದರೆ ಮರ್ಜ್ ಇಲ್ಲ, ಅಂದರೆ ಆ ಬದಲಾವಣೆ ಸೇರುವುದಿಲ್ಲ. ಇಡಿಡಿ ಸಾಲು ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಯಿತು.

ಇನ್ನೊಂದು ಬಾಕಿ ಇದೆ. ಯಾರೂ ಕೈ ಆಡಿಸದ, ಕಸ್ಟಮರ್‌ಗೆ ಹೋಗುವ ಸ್ಥಿತಿಯಲ್ಲೇ ಇರುವ ಒಂದು ಡಬ್ಬಿ ಟೆಸ್ಟಿಂಗ್‌ಗೆ ಬೇಕು, ಪ್ರತಿ ಬೋರ್ಡಿಗೆ ಒಂದರಂತೆ. ಮಾರಾಟಕ್ಕೆ ಹೋಗಬೇಕಾದ ಡಬ್ಬಿಯನ್ನು ಕಪಾಟಿನಲ್ಲಿ ಇಡಲು ಆಗಲ್ಲ ಅಂತ ಅಕೌಂಟ್ಸ್‌ನವರು ಹೇಳುತ್ತಿದ್ದಾರೆ. ಆ ಡಬ್ಬಿ ಬರುವವರೆಗೂ ಕರ್ನಲ್ ಬದಲಾದ ಯಾವ ರಿಲೀಸ್‌ಗೂ ಸೈನ್ ಹಾಕುವುದಿಲ್ಲ ಅಂತ ಬರೆದು ಕೊಟ್ಟಿದ್ದೇನೆ.