ಮುಚ್ಚಿದ ಬಾಗಿಲು

ಶನಿವಾರ ಬೆಳಗ್ಗೆ ಜರ್ಮನಿಯ ಮ್ಯೂನಿಕ್‌ನಿಂದ ಕಾರಲ್ಲಿ ಹೊರಟೆವು. ನಾನು, ಇವರು, ಮಗಳು, ಮಂಗಳೂರಿನಿಂದ ಬಂದಿರುವ ಅಮ್ಮ. ಎರಡು ದಿನದಲ್ಲಿ ಐದು ಊರು, ಏಳು ಚರ್ಚ್ ಅಂತ ಇವರ ಪ್ಲಾನ್. ಆಗಿದ್ದು ಮೂರೇ ಊರು.

ಕಾರಣ ವೀಸ್ ಚರ್ಚ್. ಹುಲ್ಲುಗಾವಲಿನ ಮಧ್ಯೆ, ಹೊರಗಿನಿಂದ ಸಾದಾ ಕಟ್ಟಡ. 1738ರಲ್ಲಿ ಇಲ್ಲಿನ ರೈತರ ಮನೆಯಲ್ಲಿದ್ದ ಯೇಸುವಿನ ಪ್ರತಿಮೆಯ ಕಣ್ಣಲ್ಲಿ ನೀರು ಕಂಡಿತಂತೆ. ಜನ ಬರತೊಡಗಿದರು, ಚರ್ಚ್ ಎದ್ದಿತು. ಒಳಗೆ ಕಾಲಿಟ್ಟರೆ ಬಿಳಿ, ಬಂಗಾರ, ಬೆಳಕು. ಅಮ್ಮ ಕತ್ತೆತ್ತಿ ನಿಂತೇಬಿಟ್ಟರು. ಆಮೇಲೆ ಮೆಲ್ಲಗೆ, "ನಮ್ಮ ಅಲೋಶಿಯಸ್ ಚಾಪೆಲ್ ನೆನಪಾಗ್ತದೆ ಮಾರಾಯ್ತಿ" ಅಂದರು. ಮಂಗಳೂರಿನ ಆ ಚಾಪೆಲ್‌ನ ಗೋಡೆ ತುಂಬ ಚಿತ್ರ ಬರೆದ ಮೊಸ್ಕೇನಿ ಕೂಡ, ಇಲ್ಲಿಯ ಹಾಗೇ ಆಲ್ಪ್ಸ್ ಬುಡದ, ಇಟಲಿಯ ಬೆರ್ಗಾಮೊ ಕಡೆಯವರೇ ಅಲ್ವಾ!

ಚಾವಣಿಯ ಒಂದು ತುದಿಯಲ್ಲಿ ದೊಡ್ಡ ಬಾಗಿಲು ಬರೆದಿದ್ದಾರೆ. ಸ್ವರ್ಗದ್ದು, ಮುಚ್ಚಿದೆ. "ಯಾವಾಗ ತೆಗೀತಾರೆ?" ಅಂತ ಮಗಳು. ಇವರು ಗೈಡ್‌ಬುಕ್ ತಿರುವತೊಡಗಿದರು. "ಊಟದ ಹೊತ್ತು, ಈಗ ತೆಗಿಯುದಿಲ್ಲ" ಅಂತ ಅಮ್ಮ.

ಮುಂದೆ ಓಬರಾಮರ್ಗೌ. 1633ರಲ್ಲಿ ಪ್ಲೇಗ್ ಬಂದಾಗ ಊರವರು ಹರಕೆ ಹೊತ್ತರು, ಯೇಸುವಿನ ಕಡೇ ದಿನಗಳ ನಾಟಕ ಆಡುತ್ತೇವೆ ಅಂತ. ಹತ್ತು ವರ್ಷಕ್ಕೊಮ್ಮೆ ಈಗಲೂ ಆಡುತ್ತಾರೆ. ಅಷ್ಟು ತಲೆಮಾರು ಒಂದು ಮಾತು ಉಳಿಸಿಕೊಳ್ಳುವುದು! ನಾನು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೆ ಬಿಟ್ಟ ಕಾಫಿ ಒಂಬತ್ತನೇ ದಿನಕ್ಕೇ ವಾಪಸ್ ಬಂದಿತ್ತು. ಮುಂದಿನ ನಾಟಕ 2030ಕ್ಕೆ ಅಂದೆ. ಅಮ್ಮ ಸುಮ್ನೆ ಬೆರಳು ಮಡಚಿ ತಮ್ಮ ವಯಸ್ಸು ಲೆಕ್ಕ ಹಾಕಿದರು. "ನೋಡುವಾ" ಅಂದರು.

ಮಿಟೆನ್‌ವಾಲ್ಡ್‌ನಲ್ಲಿ ಜೋರು ಮಳೆ. ಕಾರಿನಲ್ಲೇ ಕೂತು ಊರಿನ ಚಕ್ಕುಲಿ ಖಾಲಿ ಮಾಡಿದೆವು.